ಬಲಗಾಲಿನ ಚಪ್ಪಲಿ

ನಮ್ಮ ಮನೆಯಲ್ಲಿ ಹಳೆಯ ಹವಾಯಿ ಚಪ್ಪಲಿಯನ್ನು ಕಸಕ್ಕೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಸೊಸೆ ಬಂದ ಹೊಸದರಲ್ಲಿ ಒಂದು ಸಲ ಹಾಕಿದ್ದಳು. ಕಸದ ಲಾರಿ ತನ್ನ ಹಾಡು ಹಾಡಿಕೊಂಡು ಗಲ್ಲಿಯ ತಿರುವು ದಾಟುವಷ್ಟರಲ್ಲಿ ನಾನು ಹಿಂದೆ ಓಡಿ, ಚೀಲ ಬಿಚ್ಚಿಸಿ, ಬಲಗಾಲಿನದನ್ನು ಮಾತ್ರ ಎತ್ತಿಕೊಂಡು ಬಂದೆ. ಎಡಗಾಲಿನದು ಬೇಕಾದರೆ ಹೋಗಲಿ ಎಂದೆ. ಬೀದಿಯವರೆಲ್ಲ ನೋಡಿದರು, ಈ ಪೋಚುವಿಗೆ ಐವತ್ತು ದಾಟಿದ್ದೇ ತಡ, ಅರಳುಮರಳು ಶುರುವಾಯಿತು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಫೆಂಗ್‌ಯುವಾನ್ ಪೇಟೆಗೆಲ್ಲ ಗೊತ್ತು, ಹಾಗಾಗಿ ಎದುರಿಗೆ ಯಾರೂ ಏನೂ ಅನ್ನಲಿಲ್ಲ.

ನಾನು ಮರದ ಪೆನ್ನು ಕಡೆಯುವವಳು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ, ಮೊಮ್ಮಗನ ಸೈಕಲ್ಲಿಗೂ ಅಕ್ಕಿ ಡಬ್ಬಕ್ಕೂ ನಡುವೆ, ಒಂದು ಸಣ್ಣ ಲೇತ್ ಇದೆ. ಕೆಡವಿದ ಹಳೆಯ ಮನೆಗಳ ಹಿನೋಕಿ ಮರದ ತುಂಡು ತಂದು, ನಡುವೆ ತೂತು ಕೊರೆದು, ಹಿತ್ತಾಳೆ ಕೊಳವೆ ಕೂರಿಸಿ, ಯಂತ್ರಕ್ಕೆ ಏರಿಸಿ ಉಳಿ ಹಿಡಿದು ಕಡೆಯುತ್ತೇನೆ. ಕಡೆಯುವುದು ಹತ್ತು ನಿಮಿಷ, ಉಜ್ಜುವುದು ಮುಕ್ಕಾಲು ಗಂಟೆ. ಪೆನ್ನು ಕೈಗೆ ತೆಗೆದುಕೊಂಡವರು ಎಷ್ಟು ನುಣುಪು ಎಂದು ಹೊಗಳುವುದು ಉಜ್ಜಿದ್ದನ್ನು, ಆದರೆ ಹೆಸರು ಮಾತ್ರ ಉಳಿ ಹಿಡಿದವನಿಗೆ. ಈ ಅನ್ಯಾಯದ ಬಗ್ಗೆ ನನಗೆ ಹದಿನಾರನೆಯ ವಯಸ್ಸಿನಿಂದಲೂ ತಕರಾರಿದೆ.

ಉಪ್ಪುಕಾಗದವನ್ನು ಬರಿ ಬೆರಳಲ್ಲಿ ಹಿಡಿದು ಉಜ್ಜಿದರೆ ಎರಡು ಕೇಡು. ಒಂದು, ಬೆರಳು ಸುಡುತ್ತದೆ. ಎರಡು, ಹಿನೋಕಿಯ ಮೈಯಲ್ಲಿ ಒಂದು ಗೆರೆ ಗಟ್ಟಿ, ಪಕ್ಕದ ಗೆರೆ ಮೆತ್ತಗೆ. ಬೆರಳು ಮೆತ್ತನೆಯ ಗೆರೆಯನ್ನೇ ಹುಡುಕಿ ತಿನ್ನುತ್ತದೆ, ಪೆನ್ನಿನ ಮೈ ಏರುತಗ್ಗಾಗುತ್ತದೆ. ಹಾಗಂತ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿದರೆ ಪೆನ್ನಿನ ಉಬ್ಬೇ ಚಪ್ಪಟೆ. ಬೆರಳಿಗಿಂತ ಗಟ್ಟಿ, ಮರಕ್ಕಿಂತ ಮೆತ್ತಗೆ ಇರುವುದು ಲೋಕದಲ್ಲಿ ಹವಾಯಿ ಚಪ್ಪಲಿಯ ಅಟ್ಟೆ ಒಂದೇ. ಹೀಗೆ ಹೇಳಿದ್ದು ನಾನಲ್ಲ, ಥಿಯಾಮ್‌ಹೋಕ್ ಸಾಯ್‌ಹು. ಸಾಯ್‌ಹು ಅಂದರೆ ಕಸುಬು ಕಲಿಸಿದ ಮೇಸ್ತ್ರಿ. ಮೂವತ್ತಾರು ವರ್ಷ ನಾನು ಅವರ ಜೊತೆ ಮಾತು ಬಿಟ್ಟಿದ್ದೆ.

ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ, ಶಾಲೆ ಬಿಟ್ಟ ವಾರವೇ, ಅಪ್ಪ ನನ್ನನ್ನು ಕಾಲುವೆ ಪಕ್ಕದ ಅವರ ಕಾರ್ಖಾನೆಗೆ ಸೇರಿಸಿದ. ಕಾರ್ಖಾನೆ ಅಂದರೆ ತಗಡಿನ ಸೂರು, ಐದು ಲೇತ್, ಮೊಣಕಾಲೆತ್ತರ ಹೊಟ್ಟು. ಜಪಾನಿಗೆ ಹೋಗುವ ಮರದ ಪೆನ್ನುಗಳನ್ನು ಅಲ್ಲಿ ಮಾಡುತ್ತಿದ್ದರು. ಗಂಡಸರು ಉಳಿ ಹಿಡಿಯುವುದು, ನಾವು ಒಂಬತ್ತು ಹುಡುಗಿಯರು ಉಜ್ಜುವುದು. ಬಲಗಡೆ ಗೋಡೆಯ ಮೊಳೆಗಳಲ್ಲಿ ಉಳಿಗಳು ತೂಗುತ್ತಿದ್ದವು, ಪ್ರತಿ ಮೊಳೆಯ ಕೆಳಗೆ ಕಡೆಯುವವನ ಹೆಸರು. ಎಡಗಡೆ ಗೋಡೆಯಲ್ಲಿ ನಮ್ಮ ಉಜ್ಜುವ ಸಾಮಾನು. ಅಲ್ಲಿ ಹೆಸರಿಲ್ಲ, ಒಂದರಿಂದ ಒಂಬತ್ತರವರೆಗೆ ಅಂಕಿ. ನಾನು ಏಳು.

ಆ ಸಾಮಾನನ್ನು ಸಾಯ್‌ಹು ತಾವೇ ಕೂತು ಮಾಡುತ್ತಿದ್ದರು. ಹೊಸಬಳು ಬಂದರೆ ಕೈ ಚಾಚು ಎಂದು ಹೇಳಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕಣ್ಣಲ್ಲೇ ಅಳೆಯುವರು. ಕರ್ಪೂರದ ಮರದ ಒಂದು ಹಿಡಿ, ಅದರ ಮುಖಕ್ಕೆ ಚಪ್ಪಲಿ ಅಟ್ಟೆಯ ತುಂಡು, ಅಟ್ಟೆಯ ನಡುವೆ ಪೆನ್ನಿನ ಹೊಟ್ಟೆ ಕೂರುವಷ್ಟು ತೋಡು, ಕೊನೆಯಲ್ಲಿ ಕಾಗದ ಸಿಕ್ಕಿಸಲು ಒಂದು ಸೀಳು. ಅಟ್ಟೆಯ ಒಂದು ಅಂಚನ್ನು ಅರ್ಧ ಅಕ್ಕಿಕಾಳಿನಷ್ಟು ಏರಿಸಿರುತ್ತಿದ್ದರು, ಪೆನ್ನಿನ ತುದಿ ಸವೆದು ಇಳಿಜಾರಾಗದಿರಲಿ ಎಂದು. ಬಲಗೈಲಿ ಹಿಡಿಯುವ ಸಾಮಾನಿಗೆ ಬಲಗಾಲಿನ ಅಟ್ಟೆಯೇ ಆಗಬೇಕು, ಅದರ ಬಾಗು ಆ ಕೈಗೇ ಒಗ್ಗುತ್ತದೆ ಎಂಬುದು ಅವರ ಶಾಸ್ತ್ರ. ಮೊಟ್ಟಮೊದಲು ಅವರು ಹೆಂಡತಿಯ ಹೊಸ ಚಪ್ಪಲಿಯನ್ನೇ ಕೊಯ್ದಿದ್ದರಂತೆ, ಉಳಿದ ಎಡಗಾಲಿನದರಿಂದ ಆಕೆ ಅವರಿಗೆ ಬಾರಿಸಿದರಂತೆ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ರಬ್ಬರು ವರ್ಷ ಎರಡು ವರ್ಷಕ್ಕೆ ಗಟ್ಟಿಯಾಗುತ್ತದೆ. ಆದ್ದರಿಂದ ವರ್ಷದ ಕೊನೆಗೆ ಧಣಿ ಕೆಲಸದವರಿಗೆ ಹಾಕಿಸುವ ಊಟ ಇದೆಯಲ್ಲ, ನಮ್ಮ ಬ್ವೇಗೆ ಊಟ, ಅದಕ್ಕೆ ಎರಡು ದಿನ ಮುಂಚೆ ಎಲ್ಲರೂ ಒಂದೊಂದು ಚಪ್ಪಲಿ ತರಬೇಕು. ಹೊಸದಾದರೆ ಪುಟಿಯುತ್ತದೆ, ಹಳೆಯದಾದರೆ ಒರಟು. ಒಂದೇ ಒಂದು ಬೇಸಿಗೆ ತುಳಿದ ಚಪ್ಪಲಿಯಾಗಬೇಕು. ಹಳೆಯ ಅಟ್ಟೆ ಕಿತ್ತು ಹೊಸದು ಅಂಟಿಸುವ ಆ ಮಧ್ಯಾಹ್ನ ನಮಗೆ ಹಬ್ಬ. ನನ್ನ ಪಕ್ಕದ ಎಂಟನೆಯ ಅಂಕಿಯ ಕಿಮ್ಲಾನ್ ಒಂದು ವರ್ಷ ಎಡಗಾಲಿನದು ತಂದು ಬೈಸಿಕೊಂಡಳು. ಅವಳ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಆಡುವುದಕ್ಕೆ ಮಾತಿಲ್ಲದಿದ್ದರೆ ಏನಾದರೂ ತಿನ್ನುತ್ತಿದ್ದಳು.

ಈ ಸಾಮಾನಿಗೆ ನಾವು ಹುಡುಗಿಯರು ಇಟ್ಟ ಹೆಸರು ಬದಲಿಕೈ. ನಮ್ಮ ಕೈ ಸುಡಬೇಕಾದಲ್ಲಿ ತಾನು ಸುಟ್ಟುಕೊಳ್ಳುವ ಕೈ. ನನ್ನ ಬದಲಿಕೈ ಎಲ್ಲಿ, ಬದಲಿಕೈ ಸವೆದುಹೋಯಿತು ಬಿಸಾಕು, ಎಂದು ದಿನಕ್ಕೆ ಹತ್ತು ಸಲ ಆ ಮಾತು ನಮ್ಮ ಬಾಯಲ್ಲಿ.

ತುದಿ ಉಜ್ಜುವ ಸಾಮಾನು ಬೇರೆ ಇತ್ತು. ಲೇತಿಗೆ ಒಂದು ಮರದ ಬಿಲ್ಲೆ ಸಿಕ್ಕಿಸಿ, ಅದರ ಮುಖಕ್ಕೆ ಉಪ್ಪುಕಾಗದ ಅಂಟಿಸಿ, ಎದುರಿನಿಂದ ಒಂದು ಸರಳಿಗೆ ಮರವನ್ನು ಪೋಣಿಸಿ ನೆಟ್ಟಗೆ ತಾಗಿಸುವುದು. ಮರದ ತುದಿ ಒಳಗಿನ ಕೊಳವೆಯ ಸಮಕ್ಕೆ ಬರಬೇಕು, ಅಲ್ಲಿಗೆ ನಿಲ್ಲಿಸಬೇಕು. ಕಮ್ಮಿ ಉಜ್ಜಿದರೆ ಪೆನ್ನಿನ ಕೀಲಲ್ಲಿ ಸಂದು ಕಾಣುತ್ತದೆ. ಹೆಚ್ಚು ಉಜ್ಜಿದರೆ ಕೊಳವೆಯೇ ಗಿಡ್ಡವಾಗಿ, ಪೆನ್ನು ಮುಚ್ಚಿದ ಮೇಲೂ ರೀಫಿಲ್ಲಿನ ಮೂತಿ ಹೊರಗೆ ಇಣುಕುತ್ತದೆ. ಅಂಥದ್ದನ್ನು ನಾಲಿಗೆ ಚಾಚಿದ್ದು ಅನ್ನುತ್ತಿದ್ದೆವು. ಮೊದಲ ತಿಂಗಳು ನಾನು ಮೂವತ್ತು ಪೆನ್ನುಗಳ ನಾಲಿಗೆ ಚಾಚಿಸಿದೆ. ಸಾಯ್‌ಹು ಬೈಯಲಿಲ್ಲ. ಮೂವತ್ತನ್ನೂ ಒಂದು ಹಾಲಿನ ಪುಡಿ ಡಬ್ಬಕ್ಕೆ ಹಾಕಿ ನನ್ನ ಎದುರಿಗೆ ಇಟ್ಟರು. ವರ್ಷವಿಡೀ ಅವು ನನ್ನನ್ನು ಅಣಕಿಸಿದವು. ಎರಡನೆಯ ವರ್ಷದಿಂದ ನನ್ನ ಕೈಯಲ್ಲಿ ಒಂದೂ ನಾಲಿಗೆ ಚಾಚಲಿಲ್ಲ.

ಆದರೆ ನನಗೆ ಬೇಕಾಗಿದ್ದು ಉಳಿ. ಮಧ್ಯಾಹ್ನ ಊಟವಾಗಿ ಗಂಡಸರು ಬೆಂಚುಗಳ ಮೇಲೆ ಉರುಳಿಕೊಂಡಾಗ ನಾನು ಎರಡನೆಯ ಲೇತಿಗೆ ಹೋಗಿ, ಕಸಕ್ಕೆ ಬಿದ್ದ ಮರ ಏರಿಸಿ ಕಡೆಯುತ್ತಿದ್ದೆ. ಒಂದು ದಿನ ಕಣ್ಣೆತ್ತಿದರೆ ಸಾಯ್‌ಹು ಬಾಗಿಲಲ್ಲಿ ನಿಂತಿದ್ದಾರೆ. ಬಂದು ಯಂತ್ರ ನಿಲ್ಲಿಸಿದರು, ನಾನು ಕಡೆದಿದ್ದನ್ನು ಬಿಚ್ಚಿಕೊಂಡರು, ತುದಿಗೆ ಹೆಬ್ಬೆರಳಿನ ಉಗುರು ಎಳೆದು ನೋಡಿದರು, ಅಂಗಿ ಜೇಬಿಗೆ ಹಾಕಿಕೊಂಡು ಹೋದರು. ಒಂದು ಮಾತಿಲ್ಲ. ಆಮೇಲೆ ನಾಲ್ಕು ತಿಂಗಳು ಕಾದೆ. ಬಲಗಡೆ ಗೋಡೆಯಲ್ಲಿ ಒಂದು ಮೊಳೆ ಖಾಲಿ ಇತ್ತು, ಅದರ ಕೆಳಗೆ ನನ್ನ ಹೆಸರು ಬಂದರೆ ಹೇಗಿರುತ್ತದೆ ಎಂದು ದಿನಾ ನೋಡುತ್ತಿದ್ದೆ. ಅಷ್ಟು ಆಸೆಪಟ್ಟು ನಾನು ಇನ್ನೇನನ್ನೂ ಕಾದಿದ್ದಿಲ್ಲ, ಮದುವೆಯನ್ನೂ ಕಾದಿಲ್ಲ.

ಎಂಬತ್ತಾರರ ಜನವರಿಯಲ್ಲಿ ಬ್ವೇಗೆ ಬಂತು. ಆ ಊಟದಲ್ಲಿ ಇಡೀ ಬೇಯಿಸಿದ ಕೋಳಿ ಇರಲೇಬೇಕು, ಮತ್ತು ಕೋಳಿಯ ತಲೆ ಯಾರ ಕಡೆ ತಿರುಗಿರುತ್ತದೋ ಅವರಿಗೆ ಹೊಸ ವರ್ಷದಿಂದ ಕೆಲಸ ಇಲ್ಲ. ಧಣಿ ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಕೋಳಿಯೇ ಹೇಳುತ್ತದೆ. ಒಳ್ಳೆಯ ಧಣಿ ಅದನ್ನು ತನ್ನ ಕಡೆಗೇ ತಿರುಗಿಸಿ ಇಡುತ್ತಾನೆ, ಉಳಿದವರು ನೆಮ್ಮದಿಯಾಗಿ ಉಣ್ಣುತ್ತಾರೆ. ನಮ್ಮ ಮೇಜಿನ ನಡುವೆ ಸಾಯ್‌ಹು ತಾವೇ ಕಡೆದ ದೊಡ್ಡ ತಿರುಗುವ ಹಲಗೆ ಇತ್ತು. ಬೇಕಾದ ಬಟ್ಟಲನ್ನು ಕೈಯಲ್ಲಿ ತಿರುಗಿಸಿ ಎದುರಿಗೆ ತಂದುಕೊಳ್ಳುವುದು. ಆ ಸಲ ಜಪಾನಿನ ವ್ಯಾಪಾರಿಯೂ ಬಂದಿದ್ದ. ಸಾಯ್‌ಹು ಎರಡು ಲೋಟ ಜಾಸ್ತಿ ಏರಿಸಿದ್ದರು. ಲೇತಿನ ಸದ್ದಿಗೆ ಆಗಲೇ ಅವರ ಕಿವಿ ಮಂದವಾಗಿತ್ತು, ಹಾಗಾಗಿ ಯಾವಾಗಲೂ ಕೂಗಿಯೇ ಮಾತು. ಎದ್ದು ನಿಂತು, ನನ್ನ ಕಡೆ ಬೆರಳು ಮಾಡಿ, ಆ ವ್ಯಾಪಾರಿಗೆ ಹೇಳಿದರು:

"ಅಲ್ಲಿ ಕೂತಿದಾಳಲ್ಲ ಪೋಚು, ಅವಳು ನನ್ನ ಬದಲಿಕೈ."

ಹುಡುಗಿಯರೆಲ್ಲ ಘೊಳ್ಳೆಂದು ನಕ್ಕರು. ನಾನು ತಲೆ ಎತ್ತಿದೆ. ಕೋಳಿ ನನ್ನನ್ನೇ ನೋಡುತ್ತಿತ್ತು.

ಹೊಟ್ಟೆನೋವು ಎಂದು ಹೇಳಿ ಎದ್ದು ಹೊರಗೆ ಬಂದವಳು ಮತ್ತೆ ಆ ತಗಡಿನ ಸೂರಿನ ಕೆಳಗೆ ಕಾಲಿಡಲಿಲ್ಲ. ನಾಲ್ಕು ವರ್ಷ ಅವರ ಪೆನ್ನಿಗೆ ಮೈ ಸವೆಸಿದ್ದಕ್ಕೆ ನಾನು ಗೋಡೆಗೆ ನೇತುಹಾಕುವ ಚಪ್ಪಲಿ ತುಂಡು, ಸವೆದ ಮೇಲೆ ಬಿಸಾಕುವ ಸಾಮಾನು! ಅದನ್ನೂ ಪರದೇಶದವನ ಎದುರಿಗೆ, ಕೋಳಿಯ ಸಾಕ್ಷಿ ಇಟ್ಟುಕೊಂಡು ಹೇಳಬೇಕೇ. ಹೊಸ ವರ್ಷ ಕಳೆದ ಕೂಡಲೇ ಪಕ್ಕದೂರು ಥಾನ್‌ಜ್‌ನಲ್ಲಿ ಕ್ಯಾಮೆರಾದ ಮಸೂರ ಜೋಡಿಸುವ ಕಾರ್ಖಾನೆಗೆ ಸೇರಿಕೊಂಡೆ. ಅಲ್ಲಿ ಹೊಟ್ಟಿಲ್ಲ, ತಂಪು ಗಾಳಿ, ಬಿಳಿ ಟೋಪಿ. ಅಲ್ಲೇ ಮೂವತ್ತೊಂದು ವರ್ಷ ಕಳೆದೆ.

ಅಲ್ಲಿ ಸೇರಿದ ಆರನೆಯ ವರ್ಷ ಒಂದು ಸಂಗತಿ ನಡೆಯಿತು. ನಮ್ಮ ಸಾಲಿನ ಮೇಲ್ವಿಚಾರಕಿ ಕೆಲಸ ಬಿಡುವ ದಿನ ಒಬ್ಬ ಹುಡುಗಿಯ ಭುಜ ಹಿಡಿದು, ಇವಳು ನನ್ನ ಬದಲಿಕೈ ಅಂದಳು. ನನಗೆ ಆ ಹುಡುಗಿಯ ಮೇಲೆ ಮರುಕ ಬಂತು. ನೋಡಿದರೆ ಅವಳು ಹಲ್ಲು ಕಿರಿದು ನಿಂತಿದ್ದಾಳೆ. ಹಳಬರ ಮಾತಿನಲ್ಲಿ ಬದಲಿಕೈ ಅಂದರೆ ತನ್ನ ಕೈ ನಿಂತಾಗ ತನ್ನ ಕೆಲಸ ಹಿಡಿಯುವವರು ಅಂತ, ಗೊತ್ತಿಲ್ಲವೇ ಎಂದು ಪಕ್ಕದವಳು ನನಗೇ ಪಾಠ ಹೇಳಿದಳು. ಎಲ್ಲಿಂದ ಗೊತ್ತಿರಬೇಕು. ಹದಿನಾರರಲ್ಲಿ ಕಾರ್ಖಾನೆ ಸೇರಿದವಳಿಗೆ ಆ ಮಾತಿನ ಅರ್ಥ ಕಲಿಸಿದ್ದು ಎಡಗಡೆ ಗೋಡೆ.

ಅಂದು ಇಡೀ ದಿನ ಮಸೂರಗಳು ಕೈಯಿಂದ ಜಾರಿದವು. ಸಾಯ್‌ಹು ಹೇಳಿದ್ದು ಯಾವ ಬದಲಿಕೈ? ಹೋಗಿ ಕೇಳಿಬಿಡೋಣ ಅನ್ನಿಸಿತು. ಆದರೆ ಕೋಳಿ? ಕೋಳಿ ಸುಳ್ಳು ಹೇಳುವುದಿಲ್ಲವಲ್ಲ. ಉಳಿ ಕೊಡುವವಳ ಕಡೆಗೆ ಯಾರಾದರೂ ಕೋಳಿಯ ತಲೆ ತಿರುಗಿಸುತ್ತಾರೆಯೇ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ಅಷ್ಟು ವರ್ಷ ಸಾಕಿದ ಕೋಪವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಅನ್ನುತ್ತಾರೆ. ಕೊಯ್ದುಕೊಂಡಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕೂ ಧೈರ್ಯ ಬೇಕು.

ನಿವೃತ್ತಿಯಾದ ತಿಂಗಳೇ ಈ ಲೇತ್ ಕೊಂಡೆ. ಉಳಿ ಹಿಡಿದ ಮೊದಲ ದಿನ ಹಿನೋಕಿಯ ವಾಸನೆ ಮೂಗಿಗೆ ಬಡಿದು, ತಗಡಿ‌ನ ಸೂರು, ಹಾಲಿನ ಪುಡಿ ಡಬ್ಬ, ಕಿಮ್ಲಾನಳ ಹರಟೆ ಎಲ್ಲ ಒಟ್ಟಿಗೆ ಬಂದವು. ಯಂತ್ರ ನಿಲ್ಲಿಸಿ ಅತ್ತೆ. ಕಡೆಯುವುದು ಕೈಗೆ ಬೇಗ ಬಂತು. ಉಜ್ಜುವುದು, ನಾಲ್ಕು ವರ್ಷ ದಿನವಿಡೀ ಮಾಡಿದ ಕೆಲಸ, ಅದೇ ಬರಲಿಲ್ಲ. ಪೆನ್ನಿನ ಒಂದು ತುದಿಯಲ್ಲಿ, ಲೋಹದ ಬಳೆಯ ಪಕ್ಕ, ಕಣ್ಣಿಗೆ ಕಾಣದಷ್ಟು ಸಣ್ಣ ಮೆಟ್ಟಿಲು ಉಳಿಯುತ್ತಿತ್ತು. ಅಟ್ಟೆಯ ಅಂಚು ಎಷ್ಟು ಏರಿರಬೇಕು ಎಂಬುದು ನೆನಪಾಗಲೊಲ್ಲದು. ಒಂದಾದ ಮೇಲೊಂದು ಹನ್ನೊಂದು ಬದಲಿಕೈ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಚಪ್ಪಲಿಯನ್ನು, ಅಂಟನ್ನು, ಈಗಿನ ರಬ್ಬರನ್ನು ಬೈದೆ. ಹನ್ನೊಂದನೆಯದರಲ್ಲೇ ಮೂರು ವರ್ಷ ಕೆಲಸ ತೂಗಿಸಿದೆ. ಪೆನ್ನು ಕೊಂಡವರು ಯಾರೂ ಆ ಮೆಟ್ಟಿಲನ್ನು ಗಮನಿಸಲಿಲ್ಲ. ನನ್ನ ಉಗುರಿಗೆ ಮಾತ್ರ ಗೊತ್ತಾಗುತ್ತಿತ್ತು.

ಈ ಜನವರಿಯಲ್ಲಿ ಕಿಮ್ಲಾನಳ ಮೊಮ್ಮಗುವಿಗೆ ತಿಂಗಳು ತುಂಬಿದ ಊಟ. ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಅವಳ ತಂಗಿ ಮೀನು ಬಡಿಸಿಕೊಳ್ಳುತ್ತಿದ್ದಾಗಲೇ ಕಿಮ್ಲಾನ್ ಮೇಜಿನ ನಡುವಿನ ಹಲಗೆಯನ್ನು ಗರ್ರನೆ ತಿರುಗಿಸಿ ಸೂಪಿನ ಬಟ್ಟಲು ತನ್ನ ಎದುರಿಗೆ ತಂದುಕೊಂಡಳು. ತಂಗಿ ಗದರಿದಳು. ಕಿಮ್ಲಾನ್ ನಕ್ಕು, ಈ ಚಾಳಿಗೆ ಸಾಯ್‌ಹು ಮನೆಯಲ್ಲೇ ಒದೆ ತಿಂದಿದ್ದೇನೆ ಎಂದಳು. ಯಾವಾಗ ಎಂದು ಕೇಳಿದೆ.

"ಅದೇ ಕಣೇ, ನೀನು ಹೊಟ್ಟೆನೋವು ಅಂತ ಎದ್ದು ಹೋದ್ಯಲ್ಲ, ಆ ಬ್ವೇಗೆ ದಿನ. ಕೋಳಿ ತಲೆ ಸಾಯ್‌ಹು ಕಡೆ ಇತ್ತು. ನಂಗೆ ಕಳಲೆ ಸೂಪು ಬೇಕಿತ್ತು, ತಿರುಗಿಸ್ದೆ. ಸೂಬೋ ಮೇಜಿನ ಕೆಳಗಿಂದ ಒದ್ದು, ತಲೆ ವಾಪಸ್ ತಿರುಗ್ಸೇ ಕತ್ತೆ ಅಂದ್ರು."

ಸೂಬೋ ಅಂದರೆ ಸಾಯ್‌ಹು ಅವರ ಹೆಂಡತಿ. ನಾನು ಚಮಚ ಕೆಳಗಿಟ್ಟೆ.

"ಮೂವತ್ತಾರು ವರ್ಷ ಆಯ್ತಲ್ಲೇ, ಒಂದು ದಿನ ಹೇಳ್ಬಾರ್ದಾಗಿತ್ತಾ?"

"ನೀನು ಕೇಳಿದ್ಯಾ? ಥಾನ್‌ಜ್‌ನಲ್ಲಿ ಸಂಬಳ ಜಾಸ್ತಿ ಅಂತ ಹೋದೆ ಅಂದ್ಕೊಂಡ್ವಪ್ಪ ಎಲ್ರೂ. ಸಾಯ್‌ಹೂನೂ ಹಂಗೇ ಅಂದ್ರು. ತಂಪು ಗಾಳಿ ಬಿಟ್ಟು ನನ್ನ ಹೊಟ್ಟು ಕುಡಿಯೋಕೆ ಯಾಕೆ ಬರ್ತಾಳೆ ಅಂತ."

ಅವಳನ್ನು ಸೂಪಿನ ಬಟ್ಟಲಲ್ಲೇ ಮುಳುಗಿಸಿಬಿಡುವಷ್ಟು ಸಿಟ್ಟು ಬಂತು. ಆದರೆ ಏನಂತ ಸಿಟ್ಟು ಮಾಡಲಿ. ಕೋಳಿಯ ಸಾಕ್ಷಿ ಬಿದ್ದುಹೋಗಿತ್ತು. ಉಳಿದಿದ್ದು ಒಂದೇ ಮಾತು, ಆ ಮಾತಿಗೆ ಎರಡು ಅರ್ಥ, ಯಾವುದೆಂದು ಹೇಳಬಲ್ಲವರಿಗೆ ಎಂಬತ್ತೆರಡು ವರ್ಷ. ಅವರಿಗೆ ಈಗ ಕಿವಿ ಪೂರಾ ಕೇಳುವುದಿಲ್ಲ, ಏನಿದ್ದರೂ ಬರೆದೇ ತೋರಿಸಬೇಕು ಎಂದು ಕಿಮ್ಲಾನ್ ಹೇಳಿದಳು. ಮರುದಿನವೇ ಹೊರಟೆ. ಒಂದು ನೋಟ್ ಪುಸ್ತಕ, ನಾನು ಕಡೆದ ಒಂದು ಪೆನ್ನು, ಒಂದು ಡಬ್ಬಿ ಅನಾನಸಿನ ಬಿಸ್ಕತ್ತು ಚೀಲದಲ್ಲಿತ್ತು. ಬಾಗಿಲಿಗೆ ಹೋಗುವತನಕ ಮನಸ್ಸಿನಲ್ಲಿ ಇದ್ದಿದ್ದು ಇಷ್ಟೇ: ಅವರು ಉಜ್ಜುವ ಬದಲಿಕೈ ಅಂದುಬಿಟ್ಟರೆ ನಾನು ಏನು ಮಾಡಲಿ.

ಬಾಗಿಲು ತೆಗೆದಿದ್ದು ಸೂಬೋ. ಗುರುತು ಹಿಡಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ, ಬಂದೆಯಾ, ಇಷ್ಟು ಹೊತ್ತಾಯಿತಾ ಎಂದರು, ಅಂಗಡಿಗೆ ಉಪ್ಪು ತರಲು ಹೋದವಳನ್ನು ಕೇಳುವ ಹಾಗೆ. ಹೊಸ್ತಿಲ ಪಕ್ಕ ಬುಟ್ಟಿಯಲ್ಲಿ ಚಪ್ಪಲಿಗಳ ಗುಡ್ಡೆ ಇತ್ತು. ಸಾಯ್‌ಹು ಒಳಗೆ ಬಿಸಿಲು ಬೀಳುವ ಜಾಗದಲ್ಲಿ ಕೂತಿದ್ದರು. ಸಣ್ಣಗಾಗಿದ್ದರು, ಕೈ ಎರಡೂ ತೊಡೆಯ ಮೇಲೆ ನಡುಗುತ್ತಿದ್ದವು. ಅವರ ಕಾಲಲ್ಲಿ ಹವಾಯಿ ಚಪ್ಪಲಿ, ಎರಡೂ ಎಡಗಾಲಿನವು. ಪಾಪ, ಮರೆವು ಹಿಡಿದಿದೆ, ಇವರನ್ನು ಏನಂತ ಕೇಳುವುದು ಅಂದುಕೊಂಡೆ.

ಆದರೂ ಬರೆದೆ. ಅಂದು ಬ್ವೇಗೆ ಊಟದಲ್ಲಿ ನೀವು ನನ್ನನ್ನು ನಿಮ್ಮ ಬದಲಿಕೈ ಎಂದಿರಿ, ಅದು ಯಾವ ಬದಲಿಕೈ ಎಂದು ಬರೆದು ಪುಸ್ತಕವನ್ನು ಅವರ ಮುಂದೆ ಹಿಡಿದೆ.

ಸಾಯ್‌ಹು ಪುಸ್ತಕದ ಕಡೆ ನೋಡಿದಂತೆ ಕಾಣಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಬಿಸಿಲಿಗೆ ಹಿಡಿದು ತಿರುಗಿಸಿದರು. ಮುಚ್ಚಿ, ಮೂತಿಯ ಹತ್ತಿರ ಕಣ್ಣು ತಂದು, ನಾಲಿಗೆ ಚಾಚಿದೆಯೇ ನೋಡಿದರು. ಚಾಚಿರಲಿಲ್ಲ. ಒಂದು ತುದಿಗೆ ಉಗುರು ಎಳೆದರು, ತಲೆ ಆಡಿಸಿದರು. ಇನ್ನೊಂದು ತುದಿಗೆ ಎಳೆದರು. ಉಗುರು ನಿಂತಿತು.

"ಇಲ್ಲಿ ಮೆಟ್ಲಿದೆ," ಎಂದರು, ಮೊದಲಿನಂತೆಯೇ ಕೂಗಿ. "ನಿನ್ನ ಅಟ್ಟೆ ಎಷ್ಟು ವರ್ಷದ್ದು?"

ನಾನು ಮೂರು ಬೆರಳು ತೋರಿಸಿದೆ.

"ಮೂರು ವರ್ಷದ ಅಟ್ಟೇಲಿ ಉಜ್ತಾಳಂತೆ. ನಾಚಿಕೆ ಆಗಲ್ವಾ ನಿಂಗೆ? ಬಾ."

ಎದ್ದು, ಆ ಎರಡು ಎಡಗಾಲಿನ ಚಪ್ಪಲಿಗಳನ್ನು ಎಳೆಯುತ್ತ ಹಿತ್ತಲ ಕಡೆ ನಡೆದರು. ನಾನು ಹಿಂದೆ ಹೋದೆ. ತಗಡಿನ ಸೂರು ಹಾಗೇ ಇತ್ತು. ಐದು ಲೇತಿನಲ್ಲಿ ಎರಡು ಉಳಿದಿದ್ದವು, ನೆಲದಲ್ಲಿ ಹೊಟ್ಟಿರಲಿಲ್ಲ. ಎಡಗಡೆ ಗೋಡೆ ಬರಿದಾಗಿತ್ತು. ಒಂಬತ್ತು ಮೊಳೆಗಳೂ ಖಾಲಿ, ಅಂಕಿಗಳು ಅಳಿಸಿಹೋಗಿದ್ದವು. ಸಾಯ್‌ಹು ಆ ಕಡೆ ತಿರುಗಲಿಲ್ಲ. ಬಲಗಡೆ ಗೋಡೆಯ ಮುಂದೆ ನಿಂತರು. ಅವರ ಉಳಿಗಳ ಪಕ್ಕದ ಮೊಳೆಯಲ್ಲಿ ಒಂದು ಬದಲಿಕೈ ತೂಗುತ್ತಿತ್ತು. ಕರ್ಪೂರದ ಹಿಡಿ ಬೆವರು ಕುಡಿದು ಕಪ್ಪಾಗಿತ್ತು. ಹೆಬ್ಬೆರಳು ಕೂರುವಲ್ಲಿ ನಾಲ್ಕು ವರ್ಷದಲ್ಲಿ ನಾನೇ ಸವೆಸಿದ ಗುಂಡಿ. ಮೊಳೆಯ ಕೆಳಗೆ ಮಸಿಯಲ್ಲಿ ಪೋಚು ಎಂದು ಬರೆದಿತ್ತು. ಆ ಮಸಿ ಹಳೆಯದು, ಪಕ್ಕದ ಹೆಸರುಗಳಷ್ಟೇ ಮಾಸಿತ್ತು. ಅದರ ಜೊತೆಗೆ ದಾರದಲ್ಲಿ ಕಟ್ಟಿದ್ದು ಒಂದು ಪೆನ್ನಿನ ಮೈ, ಕಸದ ಮರದಲ್ಲಿ ಕಡೆದಿದ್ದು. ಅಂಗಿ ಜೇಬಿಗೆ ಹೋಗಿದ್ದು ಅದೇ.

"ಯಾವ ಬದಲಿಕೈ ಅಂತ ಕೇಳ್ತೀಯಾ," ಎಂದರು ಸಾಯ್‌ಹು. ಓದಿದ್ದರು. "ಉಜ್ಜೋ ಬದಲಿಕೈನ ಯಾರಾದ್ರೂ ಈ ಗೋಡೆಗೆ ಹಾಕ್ತಾರಾ? ಬ್ವೇಗೆ ಮುಗಿಸಿ, ಹೊಸ ವರ್ಷದ ಮೊದಲನೇ ದಿನ ಎರಡನೇ ಲೇತಿಗೆ ನಿನ್ನ ಕೂರಿಸೋಣ ಅಂತ ಹೆಸರು ಬರೆದಿಟ್ಟೆ. ನೀನು ಬರ್ಲಿಲ್ಲ."

ಬದಲಿಕೈಯನ್ನು ಮೊಳೆಯಿಂದ ತೆಗೆದು ಹಿಡಿದೆ. ಅದು ನನ್ನ ಅಂಗೈಗೆ ತಾನಾಗಿ ಬಂದು ಕೂತಿತು. ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಅಟ್ಟೆಯನ್ನು ಒತ್ತಿದೆ. ಮೂವತ್ತಾರು ವರ್ಷದ ರಬ್ಬರು ಮುಟ್ಟಿದರೆ ಪುಡಿಯಾಗಬೇಕು. ಅಟ್ಟೆ ಮೆತ್ತಗೆ ಒಳಗೆ ಹೋಗಿ, ಮೆತ್ತಗೆ ಮೇಲೆ ಬಂತು. ಕತ್ತರಿಸಿದ ಅಂಚು ಸೊಟ್ಟಗಿತ್ತು, ಅಂಟು ಪಕ್ಕಕ್ಕೆ ಸೋರಿ ಗಟ್ಟಿಯಾಗಿತ್ತು. ನಡುಗುವ ಕೈಯ ಕೆಲಸ. ಏರಿಸಿದ ಅಂಚು ಮಾತ್ರ ಅರ್ಧ ಅಕ್ಕಿಕಾಳಿನಷ್ಟು, ಸರಿಯಾಗಿ ಅಷ್ಟೇ.

ಬಾಗಿಲಲ್ಲಿ ನಿಂತಿದ್ದ ಸೂಬೋ ಅಂದರು, "ವರ್ಷಾ ವರ್ಷಾ ಬೇಸಿಗೇಲಿ ಹೊಸ ಜೊತೆ ತಗೊಂಡು ತುಳಿಯೋದು, ಬ್ವೇಗೆಗೆ ಬಲಗಾಲಿಂದು ಕೊಯ್ಯೋದು. ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷ ಆಯ್ತು, ಆದ್ರೂ ಬಿಟ್ಟಿಲ್ಲ. ಉಳಿದಿದ್ದು ದಂಡ ಆಗ್ಬಾರ್ದು ಅಂತ ಎರಡು ಕಾಲಿಗೂ ಎಡಗಾಲಿಂದೇ. ಪೇಟೆಯೋರೆಲ್ಲ ನಿನ್ನ ಗಂಡನಿಗೆ ತಲೆ ಕೆಟ್ಟಿದೆ ಅಂತಾರೆ ನಂಗೆ."

ಯಾಕೆ ಎಂದು ನೋಟ್ ಪುಸ್ತಕದಲ್ಲಿ ಬರೆದೆ. ಅದೊಂದು ಪದ ಬರೆಯುವಷ್ಟರಲ್ಲಿ ಹಾಳೆ ಒದ್ದೆಯಾಯಿತು. ಸಾಯ್‌ಹು ಅದನ್ನು ಓದಿ, ಇದೇನು ದಡ್ಡ ಪ್ರಶ್ನೆ ಎಂಬಂತೆ ನನ್ನನ್ನು ನೋಡಿದರು.

"ನೀನು ಯಾವತ್ತು ಬರ್ತೀಯೋ ನಂಗೇನು ಗೊತ್ತು. ಬಂದ ದಿನ ಅಟ್ಟೆ ಗಟ್ಟಿಯಾಗಿದ್ರೆ ಕೆಲಸ ಹೆಂಗ್ ಮಾಡ್ತೀಯಾ?"

ಆಮೇಲೆ ಅವರು ನನ್ನ ಅಳುವಿಗೆ ಗಮನ ಕೊಡಲಿಲ್ಲ. ಎರಡನೆಯ ಲೇತಿನ ಮೇಲಿನ ಬಟ್ಟೆ ತೆಗೆದು, ಪೆನ್ನನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ತುದಿ ಸರಿ ಮಾಡು ಎಂದರು. ಕಾಗದ ಸಿಕ್ಕಿಸಿದೆ. ಯಂತ್ರ ತಿರುಗಿತು. ಅಟ್ಟೆಯ ಅಂಚು ಪೆನ್ನಿನ ತುದಿಗೆ ಆನಿಕೊಂಡು ತಾನೇ ದಾರಿ ತೋರಿಸಿತು. ನಾಲ್ಕು ಸಲ ಉಜ್ಜಿ, ಕಾಗದ ಬದಲಿಸಿ ಮತ್ತೆ ನಾಲ್ಕು ಸಲ. ನಿಲ್ಲಿಸಿ ಕೊಟ್ಟೆ. ಅವರು ಉಗುರು ಎಳೆದರು. ಉಗುರು ಎಲ್ಲೂ ನಿಲ್ಲಲಿಲ್ಲ. ಪೆನ್ನಿನ ಮೈಯನ್ನು ಅಂಗಿ ಜೇಬಿಗೆ ಹಾಕಿಕೊಂಡರು, ಮೊದಲಿನ ಹಾಗೆ ಒಂದು ಮಾತಿಲ್ಲದೆ.

ಹೊರಡುವಾಗ ಬದಲಿಕೈಯನ್ನು ಅದರ ಮೊಳೆಗೇ ಹಾಕಿದೆ. ಗುರುವಾರ ಗುರುವಾರ ಬಂದು ಕೂರುತ್ತೇನೆ ಎಂದು ಬರೆದು ತೋರಿಸಿದ್ದಕ್ಕೆ ಸೂಬೋ, ಬಾ, ಆದರೆ ಬಿಸ್ಕತ್ತು ತರಬೇಡ, ಇವರಿಗೆ ಸಕ್ಕರೆ ಕಾಯಿಲೆ ಎಂದರು. ಹೊಸ್ತಿಲ ಹತ್ತಿರ ಸಾಯ್‌ಹು ಬೇಸಿಗೆಯಲ್ಲಿ ತುಳಿದಿದ್ದ ಜೊತೆ ಚಪ್ಪಲಿ ತೆಗೆದು, ಚಾಕು ಹುಡುಕುತ್ತಿದ್ದರು. ನಾಳಿದ್ದು ಬ್ವೇಗೆ ದಿನ. ಈ ವರ್ಷದ ಅಟ್ಟೆ ಇನ್ನೂ ಆಗಿರಲಿಲ್ಲ.

ನಾನು ಆ ಜೊತೆಯನ್ನು ಅವರ ಕೈಯಿಂದ ತೆಗೆದುಕೊಂಡು, ಬಗ್ಗಿ, ಎಡಗಾಲಿಗೆ ಎಡದ್ದು ಬಲಗಾಲಿಗೆ ಬಲದ್ದು ಅವರಿಗೆ ಹಾಕಿದೆ. ನನ್ನ ಬಲಗಾಲಿನ ಚಪ್ಪಲಿಯನ್ನು, ಹೋದ ಬೇಸಿಗೆಯೊಂದನ್ನೇ ತುಳಿದಿದ್ದನ್ನು, ಬಿಚ್ಚಿ ಅವರ ಕೈಲಿಟ್ಟೆ. ಅವರು ಅಟ್ಟೆಯನ್ನು ಬಗ್ಗಿಸಿ ನೋಡಿ, ಪರವಾಗಿಲ್ಲ ಎಂದರು. ಬುಟ್ಟಿಯಿಂದ ಒಂದು ಎಡಗಾಲಿನದನ್ನು ಆರಿಸಿ ನನ್ನ ಬಲಗಾಲಿಗೆ ಸಿಕ್ಕಿಸಿಕೊಂಡು, ಕಾಲುವೆ ದಂಡೆ ಹಿಡಿದು, ಪೇಟೆ ಬೀದಿಯಲ್ಲೇ ಮನೆಗೆ ನಡೆದೆ. ಎಲ್ಲರೂ ನೋಡಿದರು.